ಮನೆಯಲ್ಲೊಂದು ಕಡಲ ತೊಟ್ಟಿ

ಚಿನ್ನದ ಮೀನುಗಳನ್ನು ಸಾಕಿದ ಗಾಜಿನ ತೊಟ್ಟಿಯನ್ನು ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಕಾಣಬಹುದು. ಉಪ್ಪುನೀರಿನ ತೊಟ್ಟಿ ಮಾತ್ರ ಅಪರೂಪ. ಅದನ್ನು ಇಟ್ಟು ಕೈಬಿಟ್ಟವರು ಹೇಳುವ ಕಥೆ ಬಹುಮಟ್ಟಿಗೆ ಒಂದೇ: ತೊಟ್ಟಿ ಬಂತು, ಉಪ್ಪನ್ನು ಕರಗಿಸಿದ್ದಾಯಿತು, ಮೀನು ಬಂತು, ಹದಿನೈದು ದಿನಗಳೊಳಗೆ ಮೀನು ಸತ್ತಿತು. ಈ ಲೇಖಕನ ಮೊದಲ ತೊಟ್ಟಿಯ ಕಥೆಯೂ ಅದೇ. ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಉಪ್ಪಿನ ಅಳತೆಯೂ ಸರಿಯಾಗಿತ್ತು. ಆದರೂ ಒಂಬತ್ತನೆಯ ದಿನ ಬೆಳಗ್ಗೆ ಎರಡು ಮೀನುಗಳೂ ನೀರಿನ ಮೇಲ್ಭಾಗಕ್ಕೆ ಬಂದು ಕಿವಿರುಗಳನ್ನು ಬೇಗಬೇಗನೆ ಬಡಿಯುತ್ತಿದ್ದುವು. ಸಂಜೆಯ ವೇಳೆಗೆ ತಳದಲ್ಲಿ ಬಿದ್ದಿದ್ದುವು. ಅವನ್ನು ಕೊಂದುದು ಯಾವುದು ಎಂಬುದನ್ನು ತಿಳಿದುಕೊಂಡರೆ ಕಡಲ ತೊಟ್ಟಿಯ ವಿದ್ಯೆಯಲ್ಲಿ ಮುಕ್ಕಾಲು ಪಾಲನ್ನು ತಿಳಿದಂತೆಯೇ ಸರಿ.

ಮೊದಲು ತೊಟ್ಟಿಯ ಮಾತು. ಹೊಸಬರು ಚಿಕ್ಕದರಿಂದ ಪ್ರಾರಂಭಿಸುವುದು ಸುಲಭವೆಂದು ಎಣಿಸುತ್ತಾರೆ; ಇಲ್ಲಿ ಅದು ತಿರುವುಮುರುವು. ನೀರು ಕಡಮೆಯಾದಷ್ಟೂ ಅದರ ಉಷ್ಣತೆ, ಉಪ್ಪು, ಕಶ್ಮಲ ಎಲ್ಲವೂ ಬೇಗ ಏರುಪೇರಾಗುತ್ತವೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಮನೆಗೆ ತಕ್ಕದ್ದು. ಅದರಲ್ಲಿ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲುಗಳೊಡನೆ ತೂಕ ಎರಡೂವರೆ ಕ್ವಿಂಟಲ್ ಮುಟ್ಟುವುದರಿಂದ ಮೇಜಿನ ಮೇಲೆ ಇಡತಕ್ಕುದಲ್ಲ, ಭದ್ರವಾದ ಪೀಠವೇ ಬೇಕು. ಗಾಜು 10 ಮಿಲಿಮೀಟರ್ ದಪ್ಪವಿರಲಿ. ಗಾಜುಗಳನ್ನು ಸಿಲಿಕೋನ್ ಅಂಟಿನಿಂದ ಕೂಡಿಸಿರಬೇಕು. ಕಬ್ಬಿಣದ ಚೌಕಟ್ಟು ಉಪ್ಪುನೀರಿಗೆ ತಿಂಗಳುಗಳಲ್ಲೇ ತುಕ್ಕಾಗುತ್ತದೆ, ತಾಮ್ರ ಹಿತ್ತಾಳೆಗಳಂತೂ ಸಿಗಡಿ, ಶಂಖದ ಹುಳು ಮೊದಲಾದುವಕ್ಕೆ ವಿಷವೇ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ನೀರು ಕಾಯುತ್ತದೆ, ಪಾಚಿ ಮುತ್ತುತ್ತದೆ.

ಇನ್ನು ನೀರು. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿ ನೂರಕ್ಕೆ ಎಂಬತ್ತೈದರಷ್ಟು ಸೋಡಿಯಂ ಮತ್ತು ಕ್ಲೋರೈಡುಗಳೆಂಬುದು ನಿಜ. ಅಷ್ಟರಿಂದಲೇ ಅಡುಗೆಯ ಉಪ್ಪನ್ನು ಕದಡಿದರೆ ಸಾಕೆಂದು ಭಾವಿಸಬಾರದು. ಉಳಿದ ಹದಿನೈದು ಪಾಲಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೋನೇಟುಗಳಿಲ್ಲದೆ ಕಡಲ ಜೀವಿ ಬದುಕದು. ಇವೆಲ್ಲವನ್ನೂ ಹದವಾಗಿ ಬೆರೆಸಿದ ಉಪ್ಪು ಅಂಗಡಿಗಳಲ್ಲಿ ದೊರೆಯುತ್ತದೆ. ಕಲ್ಲುಮರಳುಗಳಿಗೆ ಸ್ಥಳ ಬಿಟ್ಟು ನಮ್ಮ ತೊಟ್ಟಿಗೆ 150 ಲೀಟರ್ ನೀರು ಬೇಕೆಂದರೆ ಐದೂಕಾಲು ಕಿಲೋ ಆಯಿತು. ಕೊಳವೆಬಾವಿಯ ಗಡಸುನೀರೂ ಕ್ಲೋರಿನ್ ಬೆರೆತ ನಲ್ಲಿಯ ನೀರೂ ಇದಕ್ಕೆ ಒಗ್ಗವು. ಆರ್‌ಓ ಯಂತ್ರದಿಂದ ಶೋಧಿಸಿದ ನೀರನ್ನೇ ಬಳಸಬೇಕು. ಪ್ಲಾಸ್ಟಿಕ್ ಪೀಪಾಯಿಯಲ್ಲಿ ಉಪ್ಪನ್ನು ಕರಗಿಸಿ, ಚಿಕ್ಕ ಪಂಪಿನಿಂದ ಒಂದು ದಿನವೆಲ್ಲ ಕಲಕುತ್ತಿದ್ದು ಆಮೇಲೆ ತೊಟ್ಟಿಗೆ ತುಂಬಬೇಕು. ಹದವನ್ನು ನೋಡುವುದಕ್ಕೆ ಹೈಡ್ರೋಮೀಟರ್ ಇದೆ. ಹಾಲನ್ನು ಪರೀಕ್ಷಿಸುವ ಲ್ಯಾಕ್ಟೋಮೀಟರಿನ ಸೋದರನೇ ಅದು. 25 ಡಿಗ್ರಿ ಉಷ್ಣತೆಯಲ್ಲಿ ಸಾಪೇಕ್ಷ ಸಾಂದ್ರತೆ 1.023ರಿಂದ 1.026ರವರೆಗೆ ಇರಬೇಕು.

ಕರಾವಳಿಯ ವಾಚಕರು, ಕಡಲೇ ಬಾಗಿಲಲ್ಲಿರುವಾಗ ಈ ಉಪದ್ವ್ಯಾಪವೇಕೆ ಎಂದು ಕೇಳಬಹುದು. ನೇತ್ರಾವತಿ, ಕಾಳಿ ಮುಂತಾದ ನದಿಗಳ ಅಳಿವೆಯ ಬಳಿಯ ನೀರು ಮಳೆಗಾಲದಲ್ಲಿ ಬಹಳ ತೆಳುವಾಗಿರುತ್ತದೆ. ದಡದ ಕೊಳೆಯೂ ದೋಣಿಯ ಎಣ್ಣೆಯೂ ಅದರಲ್ಲಿ ಸೇರಿರುತ್ತವೆ. ತರುವುದಾದರೆ ಬೇಸಗೆಯಲ್ಲಿ, ದಡದಿಂದ ದೂರ ಹೋಗಿ ತರಬೇಕು. ತಂದುದನ್ನು ಸೋಸಿ ಅಳೆಯದೆ ತುಂಬಬಾರದು.

ಈಗ ಆ ಎರಡು ಮೀನುಗಳ ಸಾವಿಗೆ ಬರೋಣ. ಮೀನು ತಿಂದ ಆಹಾರದಲ್ಲಿನ ಸಾರಜನಕದ ಹೆಚ್ಚಿನ ಭಾಗ ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ನೀರಿಗೆ ಬಂದು ಸೇರುತ್ತದೆ. ವಿಶಾಲವಾದ ಕಡಲಿನಲ್ಲಿ ಅದು ಗಣನೆಗೆ ಬಾರದು. ತೊಟ್ಟಿಯಲ್ಲಿ ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಒಂದು ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ಅಯಾನು, ಇನ್ನೊಂದು ಕಿವಿರನ್ನು ಸುಡುವ ಮುಕ್ತ ಅಮೋನಿಯಾ. ಕಡಲ ನೀರು ಸ್ವಲ್ಪ ಕ್ಷಾರೀಯ. ಅದರ ಪಿಎಚ್ ಬೆಲೆ 8.2ರ ಆಸುಪಾಸು. ಪಿಎಚ್ 7 ಇರುವ ಸಿಹಿನೀರಿನಲ್ಲಿ ಇರುವುದಕ್ಕಿಂತ ಈ ನೀರಿನಲ್ಲಿ ಮುಕ್ತ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚು. ಚಿನ್ನದ ಮೀನು ಹೇಗೋ ಸಹಿಸಿಕೊಳ್ಳುವ ಅಜಾಗರೂಕತೆಯನ್ನು ಕಡಲ ಮೀನು ಸಹಿಸದಿರುವುದಕ್ಕೆ ಇದೊಂದು ಮುಖ್ಯ ಕಾರಣ. ವಿಷಕ್ಕೆ ಬಣ್ಣವಿಲ್ಲ, ತಿಳಿಯಾದ ನೀರು ನಮ್ಮನ್ನು ಮೋಸಗೊಳಿಸುತ್ತದೆ.

ಇದಕ್ಕೆ ಪರಿಹಾರವೂ ಕಣ್ಣಿಗೆ ಕಾಣದುದೇ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಮರಳೂ ಸುಣ್ಣಕಲ್ಲಿನ ಪುಡಿಯೂ ತುಂಬಿದ ಗಾಜಿನ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಹರಿಸಿದರು. ಇಪ್ಪತ್ತು ದಿನಗಳವರೆಗೆ ಏನೂ ಆಗಲಿಲ್ಲ. ಅನಂತರ ನೀರಿನಲ್ಲಿದ್ದ ಅಮೋನಿಯಾ ಮಾಯವಾಗಿ ಅದರ ಸ್ಥಳದಲ್ಲಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರಂ ಆವಿಯನ್ನು ಹಾಯಿಸಿದೊಡನೆ ಈ ಕ್ರಿಯೆ ನಿಂತಿತು! ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು ಆಗ ಸಿದ್ಧವಾಯಿತು. 1890ರಲ್ಲಿ ವಿನೊಗ್ರಾದ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದನು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ನೈಟ್ರೈಟನ್ನು, ಮೀನು ಬಹುಮಟ್ಟಿಗೆ ತಾಳಿಕೊಳ್ಳಬಲ್ಲ ನೈಟ್ರೇಟ್ ಮಾಡುತ್ತದೆ. ಕೊಳವೆಯಲ್ಲಿ ಕಳೆದ ಆ ಇಪ್ಪತ್ತು ದಿನಗಳೇನು? ಬ್ಯಾಕ್ಟೀರಿಯಾಗಳು ಬೆಳೆದು ಸಂಸಾರ ಹೂಡಲು ಬೇಕಾದ ಕಾಲ. ನಮ್ಮ ತೊಟ್ಟಿಗೂ ಆ ಕಾಲವನ್ನು ಕೊಡಬೇಕು. ನಾನು ಕೊಟ್ಟಿರಲಿಲ್ಲ.

ಕೊಡುವ ವಿಧಾನ ಹೀಗೆ. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಸುಣ್ಣಾಂಶದ ಒರಟು ಮರಳನ್ನು ಹರಡಿ, ಅದರ ಮೇಲೆ ರಂಧ್ರಗಳು ತುಂಬಿದ ಕಲ್ಲುಗಳನ್ನು ಗವಿಗಳಾಗುವಂತೆ ಜೋಡಿಸಬೇಕು. ಬ್ಯಾಕ್ಟೀರಿಯಾಗಳು ನೀರಿಗಿಂತ ಹೆಚ್ಚಾಗಿ ಇಂಥ ಮೈಗಳಿಗೆ ಅಂಟಿಕೊಂಡೇ ಬಾಳುತ್ತವೆ. ಜಕಾರ್ತದ ಲೀ ಚಿನ್ ಎಂಗ್ ಎಂಬಾತನು 1961ರಲ್ಲಿ, ಕಡಲಿನಿಂದ ತಂದ ಜೀವಂತ ಬಂಡೆಗಳನ್ನೂ ಗಾಳಿಯ ಗುಳ್ಳೆಗಳನ್ನೂ ಬಿಟ್ಟರೆ ಬೇರೇನೂ ಬೇಕಿಲ್ಲವೆಂದು ಬರೆದು ತೋರಿಸಿದನು. ನಮ್ಮಲ್ಲಿ ಆ ದಾರಿಯನ್ನು ಹಿಡಿಯುವಂತಿಲ್ಲ. ಹವಳಗಳೂ ಕಡಲ ಕುದುರೆಗಳೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಸೇರಿದುವು. ಹವಳದ ಬಂಡೆಯನ್ನು ಒಡೆದು ತರುವುದು ಅಪರಾಧ. ನೇತ್ರಾಣಿ ದ್ವೀಪದ ಸುತ್ತಣ ಹವಳಗಳನ್ನು ಕಂಡವರು ಈ ನಿರ್ಬಂಧಕ್ಕೆ ಬೇಸರಪಡಲಾರರು. ಕೈಯಿಂದ ತಯಾರಿಸಿದ ರಂಧ್ರಮಯ ಕಲ್ಲು ಅದೇ ಕೆಲಸವನ್ನು ಕೊಂಚ ನಿಧಾನವಾಗಿ ಮಾಡುತ್ತದೆ.

ಬಳಿಕ ನೀರನ್ನು ತುಂಬಿ, ಪಂಪನ್ನು ನಡೆಸಿ, ಮೀನಿಲ್ಲದ ತೊಟ್ಟಿಗೆ ಬೆರಳಿನ ಗಾತ್ರದ ಸಿಗಡಿಯ ತುಂಡೊಂದನ್ನು ಹಾಕಬೇಕು. ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ. ಬಣ್ಣ ತೋರಿಸುವ ಪರೀಕ್ಷಾ ದ್ರವಗಳಿಂದ ಎರಡು ದಿನಕ್ಕೊಮ್ಮೆ ನೀರನ್ನು ನೋಡಿ ಬರೆದಿಡಬೇಕು. ನನ್ನ ಎರಡನೆಯ ತೊಟ್ಟಿಯಲ್ಲಿ ನಾಲ್ಕನೆಯ ದಿನ ಅಮೋನಿಯಾ ಕಾಣಿಸಿತು. ಹನ್ನೆರಡನೆಯ ದಿನ ನೈಟ್ರೈಟ್ ತಲೆಯೆತ್ತಿತು. ಎರಡೂ ಸೊನ್ನೆಗೆ ಇಳಿದದ್ದು ಮೂವತ್ತೇಳನೆಯ ದಿನ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಬರಿಯ ಕಲ್ಲುಗಳ ತೊಟ್ಟಿಯನ್ನು ದಿನವೂ ನೋಡುತ್ತ ಕುಳಿತವನನ್ನು ಮನೆಯವರು ಹಾಸ್ಯ ಮಾಡುವುದುಂಟು, ಮಾಡಲಿ.

ಮೊದಲ ಮೀನಾಗಿ ವಿದೂಷಕ ಮೀನಿನ ಜೋಡಿ ಒಳ್ಳೆಯದು. ಕಿತ್ತಳೆ ಮೈಗೆ ಬಿಳಿಯ ಪಟ್ಟೆಗಳಿರುವ ಇದನ್ನು ಅಂಗಡಿಗಳಲ್ಲಿ ಕ್ಲೌನ್ ಮೀನು ಎನ್ನುತ್ತಾರೆ. ಇದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಧಿಸಿರುವುದರಿಂದ ಹವಳದ ದಿಬ್ಬಗಳನ್ನು ಬರಿದುಮಾಡದೆಯೇ ಮೀನು ದೊರೆಯುತ್ತದೆ. ಕೊಳ್ಳುವಾಗ ಅಂಥದನ್ನೇ ಕೇಳಬೇಕು. ತಂದ ಮೀನನ್ನು ಒಮ್ಮೆಗೇ ತೊಟ್ಟಿಗೆ ಸುರಿಯಬಾರದು. ಕಡಲ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಉಪ್ಪು ಬಹಳ ಕಡಮೆ. ಅದರ ಮೈಯಿಂದ ನೀರು ಸದಾ ಹೊರಕ್ಕೆ ಸೋರಿಹೋಗುತ್ತಿರುತ್ತದೆ. ನೀರಿನ ನಡುವೆಯೇ ಇದ್ದು ಬಾಯಾರುವ ಈ ಪ್ರಾಣಿ ಕಡಲ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರದೂಡಿ ಬದುಕುತ್ತದೆ. ಉಪ್ಪಿನ ಹದ ಥಟ್ಟನೆ ಬದಲಾದರೆ ಈ ಏರ್ಪಾಡು ಕೆಡುತ್ತದೆ. ಆದುದರಿಂದ ಚೀಲವನ್ನು ಸ್ವಲ್ಪ ಹೊತ್ತು ತೇಲಬಿಟ್ಟು, ತೊಟ್ಟಿಯ ನೀರನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಬೆರೆಸಿ, ಅರ್ಧ ಗಂಟೆಯ ಮೇಲೆ ಮೀನನ್ನು ಮಾತ್ರ ಒಳಗೆ ಬಿಡಬೇಕು. ಮುಂದಿನ ಮೀನಿಗೆ ಒಂದು ತಿಂಗಳು ಕಾಯುವುದು ಲೇಸು. ಹೆಚ್ಚಿದ ಹೊರೆಗೆ ತಕ್ಕಂತೆ ಬ್ಯಾಕ್ಟೀರಿಯಾಗಳೂ ಹೆಚ್ಚಬೇಕಷ್ಟೆ.

ತೊಟ್ಟಿಯ ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುತ್ತದೆ. ಕುಗ್ಗಿದ ಮಟ್ಟವನ್ನು ಉಪ್ಪುನೀರಿನಿಂದ ತುಂಬಿದರೆ ಹದ ವಾರವಾರಕ್ಕೆ ಏರುತ್ತದೆ. ಗಾಜಿನ ಮೇಲೆ ಗೆರೆ ಎಳೆದು, ದಿನವೂ ಆ ಗೆರೆಗೆ ಶೋಧಿಸಿದ ಸಿಹಿನೀರನ್ನು ತುಂಬಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗವನ್ನು ತೆಗೆದು ಹೊಸ ಉಪ್ಪುನೀರನ್ನು ಹಾಕಿದರೆ ನೈಟ್ರೇಟ್ ಹಿಡಿತದಲ್ಲಿರುತ್ತದೆ. ತೆಗೆದ ಆ ಹಳೆಯ ನೀರಿನಲ್ಲೇ ಶೋಧಕದ ಸ್ಪಂಜನ್ನು ಹಿಂಡಿ ತೊಳೆಯಬೇಕು. ನಲ್ಲಿಯ ನೀರಿನಲ್ಲಿ ತೊಳೆದರೆ ಆರು ವಾರ ಸಾಕಿದ ಬ್ಯಾಕ್ಟೀರಿಯಾಗಳು ಕ್ಲೋರಿನ್ನಿಗೆ ಬಲಿಯಾಗುತ್ತವೆ.

ಇನ್ನುಳಿದುದು ವಿದ್ಯುತ್ತಿನ ಭಯ. ಬೆಚ್ಚಗಿನ ಉಪ್ಪುನೀರು ಸಿಹಿನೀರಿಗಿಂತ ಐದನೆಯ ಒಂದು ಪಾಲು ಕಡಮೆ ಆಮ್ಲಜನಕವನ್ನು ಹಿಡಿಯುವುದರಿಂದ ಪಂಪು ನಿಂತರೆ ಮೀನುಗಳು ಬೇಗನೆ ಕಷ್ಟಕ್ಕೀಡಾಗುತ್ತವೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಮನೆಯಲ್ಲಿರಲಿ. ಅದೂ ಇಲ್ಲದಿದ್ದರೆ ಹಳೆಯ ಉಪಾಯವಿದೆ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಕಡಲ ತೀರದಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದಾಗ, ಅವಳ ಮನೆಯ ಕೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಗಂಟೆಗೂ ಮೀರಿ ಹುಯ್ಯುತ್ತಿದ್ದಳಂತೆ. ಪ್ಲಾಸ್ಟಿಕ್ ಚೊಂಬಿನಿಂದ ತೊಟ್ಟಿಯ ನೀರನ್ನು ಮೊಗೆದು, ಒಂದು ಅಡಿ ಎತ್ತರದಿಂದ ತೊಟ್ಟಿಗೇ ಮತ್ತೆ ಹುಯ್ಯುತ್ತಿದ್ದರೆ ದೀಪ ಬರುವವರೆಗೆ ಮೀನುಗಳು ಉಸಿರಾಡಿಕೊಂಡಿರುತ್ತವೆ.