ಕೇಳಿ ಓದುವುದೇ, ಓದಿ ಕೇಳುವುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ‘ಈಡಿಪಸ್’ ಓದಬೇಕೆಂಬುದು ಬಹಳ ವರ್ಷಗಳ ಆಸೆ. ಮಗ ಮೊಬೈಲಿನಲ್ಲಿ ಅದರ ಬಗೆಗಿನ ಪಾಡ್‌ಕಾಸ್ಟ್ (ಬೇಕೆಂದಾಗ ಕೇಳಬಹುದಾದ ಧ್ವನಿ ಕಾರ್ಯಕ್ರಮ) ಹಾಕಿಕೊಟ್ಟ. ಐದೇ ನಿಮಿಷದಲ್ಲಿ ಕಥೆಯ ಗುಟ್ಟೆಲ್ಲ ಹೇಳಿಬಿಟ್ಟರು. ಇನ್ನು ಓದಿ ಏನು ಸುಖ? (ಶಿರಸಿ)

ಉತ್ತರ: ಗುಟ್ಟು ಬಯಲಾಯಿತು, ಓದು ಸಪ್ಪೆಯಾಗುತ್ತದೆ ಎಂಬುದು ನಿಮ್ಮ ಬೇಸರ. ಪತ್ತೇದಾರಿ ಕಾದಂಬರಿಯಾಗಿದ್ದರೆ ನಾನೂ ನಿಮ್ಮ ಜೊತೆ ಬೇಸರಪಡುತ್ತಿದ್ದೆ. ಇಲ್ಲಿ ಮಾತ್ರ ನೀವು ಏನನ್ನೂ ಕಳೆದುಕೊಂಡಿಲ್ಲ.

ಸುಮಾರು ಕ್ರಿ.ಪೂ. 429ರಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಈ ನಾಟಕ ಆಡಿಸಿದಾಗ, ಈಡಿಪಸ್ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದವನು ಎಂಬುದು ಅಥೆನ್ಸಿನ ಜನಕ್ಕೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದುದು ರಂಗದ ಮೇಲಿದ್ದ ಈಡಿಪಸನಿಗೆ. ಹಿಂದಿನ ದೊರೆಯನ್ನು ಕೊಂದವನಿಗೆ ಅವನು ಶಾಪ ಹಾಕುತ್ತಾನೆ. ತಿಳಿದೂ ತಿಳಿದೂ ಅಂಥವನನ್ನು ಮನೆಯಲ್ಲಿಟ್ಟುಕೊಂಡರೆ ಆ ಶಾಪ ತನಗೇ ತಟ್ಟಲಿ ಎಂದೂ ಸೇರಿಸುತ್ತಾನೆ. ಕಥೆ ಗೊತ್ತಿಲ್ಲದವರಿಗೆ ಅದು ಬರೀ ರಾಜಾಜ್ಞೆ. ಗೊತ್ತಿರುವ ನಿಮಗೆ ಮೈ ಜುಮ್ಮೆನ್ನುತ್ತದೆ. ನಿಮ್ಮ ಕಡೆ ಕರ್ಣಪರ್ವದ ಯಕ್ಷಗಾನಕ್ಕೆ ಕೂತವರಲ್ಲಿ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರಿರುತ್ತಾರೆ ಹೇಳಿ? ಆದರೂ ಬೆಳಗಿನ ತನಕ ಯಾರೂ ಏಳುವುದಿಲ್ಲ.

ಮತ್ತೆ ಕೇಳುವಾಗ ಕಥೆಗಿಂತ ರಂಗದ ವಿಷಯಕ್ಕೆ ಕಿವಿಗೊಡಿ. ಮೂವರೇ ನಟರು ಮುಖವಾಡ ಬದಲಿಸಿಕೊಂಡು ಎಲ್ಲ ಪಾತ್ರ ಮಾಡುತ್ತಿದ್ದರು. ಸೊಫೊಕ್ಲಿಸನ ಕೋರಸ್‌ನಲ್ಲಿ (ಹಾಡಿ ಕುಣಿಯುವ ಮೇಳ) 15 ಮಂದಿ. ಓದುವಾಗ ಕೋರಸ್ಸನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು. ಅದು ಕುಣಿತದ ಹಾಡು ಎಂದು ತಿಳಿದಿದ್ದರೆ ನೀವು ಹಾರಿಸಲಾರಿರಿ. ಓದಲು ಪಿ. ಲಂಕೇಶರ ‘ದೊರೆ ಈಡಿಪಸ್’ ಕನ್ನಡದಲ್ಲೇ ಇದೆ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು. ಶೇಕ್ಸ್‌ಪಿಯರ್ ಬಗ್ಗೆ ಪಾಡ್‌ಕಾಸ್ಟ್‌ಗಳಲ್ಲಿ ವಿದ್ವಾಂಸರು ಮಾತಾಡುವ ಇಂಗ್ಲಿಷ್ ಅರ್ಧವೂ ತಲೆಗೆ ಹತ್ತುವುದಿಲ್ಲ. ನಾಚಿಕೆಯಾಗುತ್ತದೆ. (ತುಮಕೂರು)

ಉತ್ತರ: ಉಚ್ಚಾರಣೆ ಹಿಡಿಯಲಾಗುತ್ತಿಲ್ಲ, ಅದು ನಿಮ್ಮ ಕೊರತೆ ಎಂದುಕೊಂಡಿದ್ದೀರಿ. ಅಲ್ಲ. ಅದು ಕಿವಿಯ ರೂಢಿಯ ಮಾತು, ರೂಢಿಗೆ ದಿನ ಬೇಕು. ವೇಗವನ್ನು 0.8ಕ್ಕೆ ಇಳಿಸಿ. ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದ ‘ಶೇಕ್ಸ್‌ಪಿಯರ್ ಅನ್‌ಲಿಮಿಟೆಡ್’ ಸರಣಿಗೆ ಟ್ರಾನ್ಸ್‌ಕ್ರಿಪ್ಟ್ (ಆಡಿದ ಮಾತಿನ ಬರಹರೂಪ) ಸಿಗುತ್ತದೆ. ಕಣ್ಣು ಕಿವಿ ಎರಡೂ ಜೊತೆಯಲ್ಲಿ ಸಾಗಲಿ.

ಅದಕ್ಕೂ ಮೊದಲು ಕನ್ನಡದಲ್ಲಿ ಓದಿಕೊಳ್ಳಿ. ಡಿ.ವಿ.ಜಿ. ‘ಮ್ಯಾಕ್‌ಬೆತ್’ ಅನುವಾದಿಸಿದ್ದಾರೆ. ಒಂದು ಎಚ್ಚರಿಕೆ: ಕುವೆಂಪು ಅವರ ‘ರಕ್ತಾಕ್ಷಿ’ ಹಿಡಿದು ‘ಹ್ಯಾಮ್ಲೆಟ್’ ಪಾಡ್‌ಕಾಸ್ಟ್ ಕೇಳಲು ಕೂರಬೇಡಿ. ಅದು ರೂಪಾಂತರ (ಕಥೆಯನ್ನು ನಮ್ಮ ನೆಲಕ್ಕೆ ತಂದದ್ದು). ಪಾಡ್‌ಕಾಸ್ಟಿನವರು ಡೆನ್ಮಾರ್ಕಿನಲ್ಲಿದ್ದರೆ ನೀವು ಬಿದನೂರಿನಲ್ಲಿರುತ್ತೀರಿ.

ಪ್ರಶ್ನೆ: ‘ಕಿಂಗ್ ಲಿಯರ್’ ಕಾರ್ಯಕ್ರಮದಲ್ಲಿ, ಹುಚ್ಚೆದ್ದ ದೊರೆ ಮಕ್ಕಳನ್ನು ವಿಚಾರಣೆಗೆ ಎಳೆಯುವ ದೃಶ್ಯದ ಬಗ್ಗೆ ಬಹಳ ಹೇಳಿದರು. ನನ್ನ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಅದಿಲ್ಲ. ಪುಟ ಹರಿದಿದೆಯೇ, ನನಗೇ ಕಾಣುತ್ತಿಲ್ಲವೇ? (ಧಾರವಾಡ)

ಉತ್ತರ: ನಿಮ್ಮ ಕಣ್ಣೂ ಸರಿಯಾಗಿದೆ, ಪುಟವೂ ಹರಿದಿಲ್ಲ. ಈ ನಾಟಕಕ್ಕೆ ಎರಡು ಹಳೆಯ ಪಾಠಗಳಿವೆ. ಒಂದು, 1608ರ ಕ್ವಾರ್ಟೊ (ಹಾಳೆಯನ್ನು ಎರಡು ಸಲ ಮಡಿಸಿ ಹೊಲಿದ ಚಿಕ್ಕ ಪುಸ್ತಕ). ಇನ್ನೊಂದು, ಶೇಕ್ಸ್‌ಪಿಯರ್ ತೀರಿಕೊಂಡ ಮೇಲೆ 1623ರಲ್ಲಿ 36 ನಾಟಕ ಸೇರಿಸಿ ತಂದ ಫೋಲಿಯೊ (ಒಂದೇ ಸಲ ಮಡಿಸಿದ ದೊಡ್ಡ ಹಾಳೆಯ ಪುಸ್ತಕ). ಕಾಲುಮಣೆಯೊಂದನ್ನು ಹಿರಿಯ ಮಗಳು ಗಾನರಿಲ್ ಎಂದು ತಿಳಿದು ಲಿಯರ್ ವಿಚಾರಣೆ ನಡೆಸುವ ಆ ದೃಶ್ಯ ಕ್ವಾರ್ಟೊದಲ್ಲಿದೆ, ಫೋಲಿಯೊದಲ್ಲಿಲ್ಲ. ನಾಟಕದ ಕೊನೆಯ ಮಾತಾಡುವ ಪಾತ್ರ ಕೂಡ ಒಂದರಲ್ಲಿ ಆಲ್ಬನಿ, ಇನ್ನೊಂದರಲ್ಲಿ ಎಡ್ಗರ್.

ಬಹಳಷ್ಟು ಸಂಪಾದಕರು ಎರಡನ್ನೂ ಬೆರೆಸಿ ಅಚ್ಚು ಹಾಕುತ್ತಾರೆ. ಫೋಲಿಯೊ ಒಂದನ್ನೇ ನಂಬಿದ ಆವೃತ್ತಿ ನಿಮಗೆ ಸಿಕ್ಕಿರಬೇಕು. ಮುನ್ನುಡಿಯಲ್ಲಿ ಅದನ್ನು ಹೇಳಿರುತ್ತಾರೆ, ನಾವು ಮುನ್ನುಡಿ ಓದುವುದಿಲ್ಲ ಅಷ್ಟೆ. ಇನ್ನು ಮುಂದೆ ಕೇಳುವ ಮೊದಲು ಪುಸ್ತಕದ ಮೊದಲ ಹತ್ತು ಪುಟ ತಿರುವಿ ನೋಡಿ.

ಪ್ರಶ್ನೆ: ‘ಮ್ಯಾಕ್‌ಬೆತ್’ ಕುರಿತು ಆರು ಪಾಡ್‌ಕಾಸ್ಟ್ ಕೇಳಿದ್ದೇನೆ. ಸ್ನೇಹಿತರ ಮುಂದೆ ಚೆನ್ನಾಗಿ ಮಾತಾಡುತ್ತೇನೆ. ನಾಟಕ ಮಾತ್ರ ಇನ್ನೂ ತೆರೆದಿಲ್ಲ. ತೆರೆಯಲು ಭಯ. (ಮೈಸೂರು)

ಉತ್ತರ: ಅಷ್ಟೆಲ್ಲ ಕೇಳಿಯೂ ಓದುವಾಗ ಏನೂ ಹೊಳೆಯದಿದ್ದರೆ ಎಂಬ ಭಯ ನಿಮ್ಮದು. ಒಪ್ಪಿಕೊಂಡು ಬರೆದಿದ್ದೀರಲ್ಲ, ಅದು ದೊಡ್ಡದು. ಆ ಭಯ ನನಗೂ ಗೊತ್ತು.

ಏಳನೆಯದನ್ನು ಹಾಕಬೇಡಿ. ಆಕ್ಸ್‌ಫರ್ಡಿನ ಎಮ್ಮಾ ಸ್ಮಿತ್ ಅವರ ‘ಅಪ್ರೋಚಿಂಗ್ ಶೇಕ್ಸ್‌ಪಿಯರ್’ ಉಪನ್ಯಾಸಗಳು ನನಗೆ ಬಹಳ ಇಷ್ಟ. ಒಂದೊಂದು ನಾಟಕಕ್ಕೆ ಒಂದೇ ಪ್ರಶ್ನೆ ಹಿಡಿದು ಬೆಳೆಸುತ್ತಾರೆ. ಆದರೆ ಓದದೆ ಕೇಳಿದರೆ ಅವರ ಉತ್ತರವೇ ನಿಮ್ಮದಾಗಿಬಿಡುತ್ತದೆ. ಅದನ್ನು ಓದಿದ ಮೇಲಕ್ಕೆ ಇಟ್ಟುಕೊಳ್ಳಿ.

‘ಮ್ಯಾಕ್‌ಬೆತ್’ ಶೇಕ್ಸ್‌ಪಿಯರನ ದುರಂತ ನಾಟಕಗಳಲ್ಲೇ ಅತಿ ಚಿಕ್ಕದು. ನೀವು ಮೊದಲಿಂದಲೂ ಶುರು ಮಾಡಬೇಕಿಲ್ಲ. ಎರಡನೆಯ ಅಂಕದ ಎರಡನೆಯ ದೃಶ್ಯ ತೆಗೆಯಿರಿ. ದೊರೆಯನ್ನು ಕೊಂದು ಗಂಡ ಬರುತ್ತಾನೆ. ಗಂಡಹೆಂಡಿರ ಮಾತು ಒಂದೆರಡು ಪದಕ್ಕೆ ತುಂಡಾಗಿಬಿಡುತ್ತದೆ. ಕಣ್ಣಲ್ಲಿ ಓದಿದರೆ ಅರೆ ನಿಮಿಷದಲ್ಲಿ ದಾಟಿಹೋಗುವ ಸಾಲುಗಳು ಅವು. ಬಾಯಿಬಿಟ್ಟು ಓದಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಆಮೇಲೆ ಹೊರಬಾಗಿಲು ಬಡಿಯುವ ಸದ್ದು.

ಸ್ನೇಹಿತರೊಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಒಬ್ಬರು ಗಂಡ, ಒಬ್ಬರು ಹೆಂಡತಿ. ಬಡಿತ ಬಂದಲ್ಲೆಲ್ಲ ಮೇಜು ಕುಟ್ಟಿ. ಈ ಭಾನುವಾರ ಇಷ್ಟೇ ಮಾಡಿ, ಹೇಗಾಯಿತೆಂದು ನನಗೆ ಬರೆಯಿರಿ.