ಗೆಳೆತನವನ್ನು ಸೂಚಿಸುವ ಇಂಗ್ಲಿಷ್ ಶಬ್ದಗಳು

ಪಕ್ಕದ ಬೆಂಚಿನಲ್ಲಿ ಕುಳಿತವನು ‘ಫ್ರೆಂಡ್’. ಬಸ್ಸಿನಲ್ಲಿ ಒಂದು ದಿನ ಮಾತನಾಡಿಸಿದವನು ‘ಫ್ರೆಂಡ್’. ತಂದೆಯವರೊಡನೆ ಕಚೇರಿಯಲ್ಲಿ ದುಡಿಯುವವರೂ ‘ಫ್ರೆಂಡ್’. ಮುಖವನ್ನೇ ಕಾಣದೆ ಮೊಬೈಲಿನ ಪರದೆಯ ಮೇಲೆ ಹೆಸರನ್ನು ಮಾತ್ರ ಕಂಡವನೂ ‘ಫ್ರೆಂಡ್’. ಹೀಗೆ ಒಂದೇ ಶಬ್ದವನ್ನು ಎಲ್ಲೆಡೆಯೂ ಬಳಸುವುದರಿಂದ ಎರಡು ನಷ್ಟಗಳುಂಟು. ಇಂಗ್ಲಿಷಿನಲ್ಲಿ ಬರೆಯುವಾಗ ಅರ್ಥ ಕೆಡುತ್ತದೆ. ಕನ್ನಡದಲ್ಲಿ ಆಡುವಾಗ ನಮ್ಮ ಶಬ್ದಗಳು ಮರೆತುಹೋಗುತ್ತವೆ. ಆದುದರಿಂದ ಈ ಶಬ್ದಗಳ ಹುಟ್ಟನ್ನೂ ಬಳಕೆಯನ್ನೂ ಇಲ್ಲಿ ಸಂಗ್ರಹವಾಗಿ ವಿಚಾರಿಸೋಣ.

ಮೊದಲು ‘ಫ್ರೆಂಡ್’ ಶಬ್ದವನ್ನೇ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ರೀತಿಸುವವನು’ ಎಂದರ್ಥ. ಸಂಸ್ಕೃತದ ‘ಪ್ರಿಯ’ ಶಬ್ದವೂ ಇದೂ ಒಂದೇ ಮೂಲದಿಂದ ಬಂದವು. ಪ್ರೀತಿಯಿಲ್ಲದೆ ಮುಖಪರಿಚಯ ಮಾತ್ರ ಇದ್ದಲ್ಲಿ ‘ಅಕ್ವೇಂಟೆನ್ಸ್’, ಅಂದರೆ ಪರಿಚಿತ, ಎನ್ನುವುದೇ ಸರಿ.

‘ಕಂಪ್ಯಾನಿಯನ್’ ಎಂಬುದು ಲ್ಯಾಟಿನ್ ಮೂಲದ ಶಬ್ದ. ‘ಕೂಡಿ’ ಮತ್ತು ‘ರೊಟ್ಟಿ’ ಎಂಬ ಎರಡು ಪದಗಳು ಸೇರಿ ಅದು ಹುಟ್ಟಿತು. ರೊಟ್ಟಿಯನ್ನು ಹಂಚಿಕೊಂಡು ತಿನ್ನುವವನೇ ಸಂಗಾತಿ. ‘ಕ್ಲಾಸ್‌ಮೇಟ್’ ಎಂಬಲ್ಲಿಯ ‘ಮೇಟ್’ ಶಬ್ದಕ್ಕೂ ಮೊದಲಿಗೆ ಒಂದೇ ಪಂಕ್ತಿಯಲ್ಲಿ ಉಣ್ಣುವವನೆಂಬ ಅರ್ಥವಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿ ಒಬ್ಬರ ಚಿತ್ರಾನ್ನವನ್ನು ಇನ್ನೊಬ್ಬರು ಸವಿಯುವ ನೀವು ಈ ಎರಡು ಶಬ್ದಗಳನ್ನೂ ಸುಲಭವಾಗಿ ನೆನಪಿಡಬಹುದು.

‘ಕಾಮ್ರೇಡ್’ ಎಂಬುದು ಸ್ಪೇನಿನ ಭಾಷೆಯಿಂದ ಹೊರಟ ಶಬ್ದ. ಒಂದೇ ಕೋಣೆಯಲ್ಲಿ ವಾಸಿಸುವ ಸೈನಿಕರಿಗೆ ಸಲ್ಲುತ್ತಿತ್ತು. ಹಿಂದಿಯ ‘ಕಮರಾ’, ಚಿತ್ರ ತೆಗೆಯುವ ‘ಕ್ಯಾಮೆರಾ’ ಇವೂ ಅದೇ ಕುಲದವು. ‘ಕಲೀಗ್’ ಎಂದರೆ ಸಹೋದ್ಯೋಗಿ. ‘ಪಾರ್ಟ್ನರ್’ ಎಂದರೆ ಪಾಲುಗಾರ. ಈಗ ಬಾಳಸಂಗಾತಿ ಎಂಬ ಅರ್ಥವೂ ಅದಕ್ಕಿರುವುದರಿಂದ ಕೇವಲ ಜೊತೆಯಲ್ಲಿ ನಡೆಯುವವನಿಗೆ ಅದನ್ನು ಪ್ರಯೋಗಿಸಬಾರದು.

‘ಫೆಲೋ’ ಶಬ್ದದ ಕಥೆ ಸ್ವಾರಸ್ಯವಾದದ್ದು. ಪ್ರಾಚೀನ ನಾರ್ಸ್ ಭಾಷೆಯಲ್ಲಿ, ವ್ಯವಹಾರಕ್ಕಾಗಿ ಹಣವನ್ನು ಕೂಡಿಸಿ ಇಟ್ಟವರು ಈ ಹೆಸರು ಪಡೆದಿದ್ದರು. ನಾವು ಅದನ್ನು ತಾತ್ಸಾರದ ಮಾತಾಗಿ, ‘ಆ ಫೆಲೋ’ ಎಂದು ಆಡುತ್ತೇವೆ. ಆದರೆ 1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರು 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ‘ಫೆಲೋ’ ಆಗಿ ಆಯ್ಕೆಯಾದರು. ಒಂದೇ ಶಬ್ದ ಒಂದು ಬಾಯಲ್ಲಿ ನಿಂದೆ, ಇನ್ನೊಂದು ಕಡೆ ಬಿರುದು. ಶಬ್ದದ ಅರ್ಥವನ್ನರಿತರೆ ಸಾಲದು, ಸಂದರ್ಭವನ್ನೂ ಅರಿಯಬೇಕು.

ಇನ್ನು ‘ಪ್ಯಾಲ್’ ಎಂಬ ಚಿಕ್ಕ ಶಬ್ದ. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಭಾರತದ ಉತ್ತರ ಭಾಗದಿಂದ ಹೊರಟು, ದೇಶದಿಂದ ದೇಶಕ್ಕೆ ಅಲೆದು ಯೂರೋಪನ್ನು ಸೇರಿದ ರೋಮಾ ಜನರಿದ್ದಾರೆ. ಅವರ ಭಾಷೆಯಲ್ಲಿ ಸಹೋದರನನ್ನು ಕರೆಯುವ ಶಬ್ದವನ್ನು ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ತಮ್ಮದಾಗಿಸಿಕೊಂಡರು. ಅದರ ಬೇರು ಸಂಸ್ಕೃತದ ‘ಭ್ರಾತೃ’ ಶಬ್ದಕ್ಕೆ ಸಂಬಂಧಿಸಿದುದು. ಊರು ಬಿಟ್ಟು ಹೋದ ಜನರು ಕೈಯಲ್ಲಿ ಏನನ್ನೂ ಒಯ್ಯದಿದ್ದರೂ ನುಡಿಯನ್ನು ಒಯ್ಯುತ್ತಾರೆ. ಆ ನುಡಿ ಪರಭಾಷೆಗೂ ಸಂಪತ್ತಾಗುತ್ತದೆ.

ಈ ಮಾತು ನಮಗೂ ಅನ್ವಯಿಸುತ್ತದೆ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಒಲಿಯದೆಂಬ ಮಾತನ್ನು ಈ ನಗರದಲ್ಲಿ ಪದೇಪದೇ ಕೇಳುತ್ತೇವೆ. ಕನ್ನಡದಲ್ಲಿಯೇ ಓದಿ ಈ ಊರಿಗೆ ಬಂದ ನಮ್ಮ ಅನುಭವ ಬೇರೆ. ತಾಯ್ನುಡಿಯಲ್ಲಿ ಭೇದಗಳನ್ನು ಬಲ್ಲವನಿಗೆ ಪರನುಡಿಯ ಭೇದಗಳು ಬೇಗ ತಿಳಿಯುತ್ತವೆ. ಕನ್ನಡದಲ್ಲಿ ಕೂಡಿ ಆಡುವವನು ಒಡನಾಡಿ, ಕೂಡಿ ಓದುವವನು ಸಹಪಾಠಿ, ಕೂಡಿ ನಡೆಯುವವನು ಸಂಗಡಿಗ. ‘ಸ್ನೇಹ’ ಶಬ್ದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಇರುವುದರಿಂದ ಅಂಟಿಕೊಂಡವನೇ ಸ್ನೇಹಿತ. ‘ಗೆಳೆಯ’ ಹಳಗನ್ನಡದಲ್ಲಿ ‘ಕೆಳೆಯ’. ತಮಿಳಿನಲ್ಲಿ ಸ್ನೇಹವೆಂಬ ಅರ್ಥದ ‘ಕೇಣ್ಮೈ’ ಅದರ ದಾಯಾದಿ.

ಇಂಗ್ಲಿಷನ್ನೂ ಕನ್ನಡವನ್ನೂ ಹೀಗೆ ಎದುರುಬದುರಾಗಿಟ್ಟು ನೋಡುವುದು ಈ ನಗರಕ್ಕೆ ಹೊಸದಲ್ಲ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮುದ್ರಿತವಾದುದು ಈ ಮದರಾಸಿನಲ್ಲಿಯೇ. ಆದುದರಿಂದ ಒಂದು ಭಾಷೆಯನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಅಭ್ಯಾಸ: ನೀವು ಬಲ್ಲ ಐವರನ್ನು ನೆನೆದುಕೊಳ್ಳಿರಿ. ಅವರೊಡನೆ ನೀವು ಹಂಚಿಕೊಂಡಿರುವುದು ಪಾಠವೋ, ಆಟವೋ, ಊಟವೋ, ದಾರಿಯೋ, ಮನಸ್ಸೋ ಎಂಬುದನ್ನು ವಿಚಾರಿಸಿರಿ. ಒಬ್ಬೊಬ್ಬರಿಗೂ ತಕ್ಕ ಕನ್ನಡ ಶಬ್ದವನ್ನೂ ಇಂಗ್ಲಿಷ್ ಶಬ್ದವನ್ನೂ ಆರಿಸಿ, ಎರಡು ಭಾಷೆಗಳಲ್ಲಿಯೂ ಒಂದೊಂದು ವಾಕ್ಯ ಬರೆಯಿರಿ. ‘ಫ್ರೆಂಡ್’ ಎಂಬ ಶಬ್ದವನ್ನು ಒಬ್ಬರಿಗೆ ಮಾತ್ರ ಬಳಸತಕ್ಕದ್ದು. ಅದು ಯಾರಿಗೆ ಸಲ್ಲಬೇಕೆಂಬುದನ್ನು ನಿಧಾನವಾಗಿ ಯೋಚಿಸಿ ನಿರ್ಧರಿಸಿರಿ.