ಸುರಂಗದ ಪ್ರಬಂಧ ಯಾವ ಜರ್ನಲ್‌ಗೆ?

ದೇಲಂಪಾಡಿಯ ಸಂಶೋಧಕಿಗೆ,

ಸುರಂಗದ ನೀರಿನ ಕುರಿತ ಪ್ರಬಂಧವನ್ನು ಓಪನ್ ಆಕ್ಸೆಸ್ ಜರ್ನಲ್‌ಗೆ ಕೊಡಲೋ, ಚಂದಾ ಜರ್ನಲ್‌ಗೋ ಎಂದು ಕೇಳಿದ್ದೀರಿ. ಫೆಲೋಶಿಪ್ ಹಣ ಉಳಿಸಿ ಓಪನ್ ಆಕ್ಸೆಸ್‌ನ ಪ್ರಕಟಣಾ ಶುಲ್ಕ ಕಟ್ಟುವ ಯೋಚನೆ ಬಿಟ್ಟುಬಿಡಿ. ನಿಮ್ಮ ವಿಷಯಕ್ಕೆ ಹೊಂದುವ, ಲೇಖಕರಿಂದ ದುಡ್ಡು ಕೇಳದ ಒಳ್ಳೆಯ ಚಂದಾ ಜರ್ನಲ್ ಇದ್ದರೆ ಅಲ್ಲಿಗೇ ಕಳಿಸಿ.

ಚಂದಾ ಜರ್ನಲ್‌ನಲ್ಲಿ ಓದುವವರು ಕಡಿಮೆಯಾಗುತ್ತಾರೆ ಎಂಬ ನಿಮ್ಮ ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ವಿದ್ಯಾಸಂಸ್ಥೆಗಳಿಗೆ ಸಿಗುತ್ತಿವೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಓದುವವರಿಗೆ ಅನುಕೂಲವಾಯಿತು. ಆದರೆ ಮುರಕಲ್ಲಿನ ಗುಡ್ಡ ಕೊರೆದು ಅಡಿಕೆ ತೋಟಕ್ಕೆ ನೀರು ತಂದವರು, ಟೇಪು ಹಿಡಿದು ಸುರಂಗದೊಳಗೆ ಹೋಗಲು ನಿಮ್ಮನ್ನು ಬಿಟ್ಟವರು, ಈ ಯೋಜನೆಯ ಹೊರಗಿದ್ದಾರೆ. ಅವರ ಮನೆಯ ಮಕ್ಕಳು ಫೋನಿನಲ್ಲಿ ಹುಡುಕಿದರೆ ಹಣ ಕೇಳುವ ಪುಟ ಎದುರಾಗಬಾರದು.

ಅದಕ್ಕೂ ದಾರಿ ಇದೆ. ಪರಿಶೀಲನೆ ಮುಗಿದು ಸ್ವೀಕಾರವಾದ, ಪ್ರಕಾಶಕರ ಪುಟವಿನ್ಯಾಸವಿಲ್ಲದ ನಿಮ್ಮ ವರ್ಡ್ ಪ್ರತಿಯನ್ನು ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರದಲ್ಲಿ ಹಾಕಲು ಅನೇಕ ಪ್ರಕಾಶಕರು ಒಪ್ಪುತ್ತಾರೆ. ಕೆಲವರು 12 ಅಥವಾ 24 ತಿಂಗಳು ಕಾಯಿಸುತ್ತಾರೆ. ಜರ್ನಲ್‌ನ ತಾಣದಲ್ಲಿ ‘ಸೆಲ್ಫ್ ಆರ್ಕೈವಿಂಗ್’ ನಿಯಮ ಹುಡುಕಿ. ಪ್ರಬಂಧ ಕಳಿಸುವ ಮೊದಲೇ ನೋಡಿ, ಒಪ್ಪಂದಕ್ಕೆ ಸಹಿ ಹಾಕಿದ ಮೇಲಲ್ಲ.

ಓಪನ್ ಆಕ್ಸೆಸ್ಸೇ ಬೇಕೆಂದರೆ ಅಂಥ ಜರ್ನಲ್‌ಗಳ ಡಿಒಎಜೆ (DOAJ) ಪಟ್ಟಿಯಲ್ಲಿ ಶುಲ್ಕವಿಲ್ಲದ ಜರ್ನಲ್‌ಗಳು ಬೇಕಾದಷ್ಟಿವೆ. ವಾಟ್ಸ್‌ಆಪ್‌ನಲ್ಲಿ ‘ಮೂರೇ ದಿನದಲ್ಲಿ ಪ್ರಕಟಣೆ’ ಎನ್ನುವವರಿಗೆ ಮಾತ್ರ ಒಂದು ರೂಪಾಯಿಯೂ ಕೊಡಬೇಡಿ. ಯುಜಿಸಿ ಒಳ್ಳೆಯ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನು ಕೈಬಿಟ್ಟ ಮೇಲೆ ಈ ಜರಡಿ ಹಿಡಿಯುವ ಕೆಲಸ ಸಂಸ್ಥೆಗಳ, ಸಂಶೋಧಕರ ಹೆಗಲಿಗೇ ಬಿದ್ದಿದೆ. ಅನುಮಾನ ಬಂದರೆ ಸಂಪಾದಕ ಮಂಡಳಿಯ ಒಬ್ಬಿಬ್ಬರಿಗೆ ನೇರ ಮೇಲ್ ಮಾಡಿ ವಿಚಾರಿಸಿ.